ಮಗನ ಹಳೆಯ ಪ್ರಕರಣ, ಸೇನೆಯ ಅರ್ಜಿ ಮತ್ತು ಹಾಸನದ ಉಚಿತ ಕಾನೂನು ನೆರವು

ಹಾಸನದ ಸಂತೇಪೇಟೆ ಕಡೆ ನನ್ನದೊಂದು ಚಿಕ್ಕ ಹೊಲಿಗೆ ಅಂಗಡಿ. 2025ರ ಆಗಸ್ಟ್‌ನ ಒಂದು ಸಂಜೆ, ತರಬೇತಿ ಮುಗಿಸಿ ಬಂದ ನನ್ನ ಮಗ ಒಳಗೆ ಬರಲಿಲ್ಲ. ಶೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕುಳಿತು, ಕೈಯಲ್ಲಿದ್ದ ಝೆರಾಕ್ಸ್ ಹಾಳೆಯೊಂದನ್ನು ಮಡಿಸುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಮಡಿಸುತ್ತಿದ್ದ. ನಾನು ಯಂತ್ರ ನಿಲ್ಲಿಸಿ ಹಾಳೆ ಕೇಳಿದೆ. ಸೇನೆಯ ಅಗ್ನಿವೀರ ನೇಮಕಾತಿ ರ‍್ಯಾಲಿಗೆ ಹೋಗುವವರು ನೋಟರಿಯ ಎದುರು ಸಹಿ ಹಾಕಿ ಒಯ್ಯಬೇಕಾದ ಪ್ರಮಾಣಪತ್ರದ ನಮೂನೆ ಅದು. ಮದುವೆಯಾಗಿಲ್ಲ, ಕೊಟ್ಟ ದಾಖಲೆಗಳೆಲ್ಲ ಸತ್ಯ ಎಂಬ ಸಾಲುಗಳ ನಡುವೆ ಪೊಲೀಸ್ ಪ್ರಕರಣದ ಮಾತೂ ಇತ್ತು. ಆ ಸಾಲಿನ ಹತ್ತಿರ ಹಾಳೆ ಅವನ ಬೆರಳಿನ ಬೆವರಿಗೆ ಮೆತ್ತಗಾಗಿತ್ತು.

‘ಅಮ್ಮಾ, ಇದಕ್ಕೆ ನಾನು ಹೇಗೆ ಸಹಿ ಹಾಕಲಿ?’ ಎಂದ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಲಹೆಯಲ್ಲಿ. ಹೋಟೆಲಿನ ಊಟ, ಮೊಬೈಲಿನ ಬ್ಯಾಟರಿ ಹೇಗಿದೆ ಎಂದು ಜನ ಬರೆದದ್ದನ್ನು ಓದಿಯೇ ನಾನೂ ಎಷ್ಟೋ ಸಾಮಾನು ಕೊಂಡಿದ್ದೇನೆ. ಈ ಸೇವೆಯ ಬಗ್ಗೆ ಮಾತ್ರ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನಂತಹ ತಾಯಂದಿರು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ ಎಂಬುದು ನನಗೆ ಗೊತ್ತು. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡುತ್ತೇನೆ. ನಮ್ಮ ಊರು ದುದ್ದದ ಕಡೆ. ಎರಡೂವರೆ ಎಕರೆ ಹೊಲವಿದೆ; ಆಲೂಗಡ್ಡೆ, ರಾಗಿ ಬೆಳೆಯುತ್ತೇವೆ. 2021ರಲ್ಲಿ ಶಾಲೆಗಳು ಮುಚ್ಚಿದ್ದವು. ಹದಿನೈದು ವರ್ಷದ ಹುಡುಗ, ಪಾಠವೆಲ್ಲ ಮೊಬೈಲಿನಲ್ಲಿ, ಮೊಬೈಲು ಮನೆಗೆ ಒಂದೇ, ಅದೂ ಹಗಲೆಲ್ಲ ಅವರಪ್ಪನ ಜೇಬಿನಲ್ಲಿ. ಊರಿನ ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಹಿಂದೆ ಇವನೂ ಇನ್ನೊಬ್ಬನೂ ತಿರುಗಲು ಶುರು ಮಾಡಿದರು. ಒಂದು ರಾತ್ರಿ ಮೂವರೂ ಸೇರಿ ಪಕ್ಕದ ತೋಟದ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿದರು. ಕೆರೆಯ ಹಿಂದೆ ಬೆಂಕಿ ಹಾಕಿ ಮೇಲಿನ ಪ್ಲಾಸ್ಟಿಕ್ ಸುಟ್ಟು, ಒಳಗಿನ ತಾಮ್ರವನ್ನು ಗುಜರಿಗೆ ಹಾಕಿದರು. ಇವನ ಪಾಲಿಗೆ ಬಂದದ್ದು ನಾನೂರು ರೂಪಾಯಿ. ಆ ರಾತ್ರಿ ಅವನ ಅಂಗಿಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಾಗ ಯಾರೋ ಟಯರು ಸುಟ್ಟಿರಬೇಕು ಎಂದುಕೊಂಡು ಅಂಗಿಯನ್ನು ಸೋಪಿನ ನೀರಿಗೆ ಹಾಕಿದೆ. ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ಇವತ್ತಿಗೂ ಆ ವಾಸನೆ ಬಂದರೆ ನನಗೆ ಹೊಟ್ಟೆ ತೊಳಸುತ್ತದೆ.

ಮೂರನೆಯ ದಿನ ಸಿಕ್ಕಿಬಿದ್ದರು. ದೊಡ್ಡ ಹುಡುಗನ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, ಹದಿನೆಂಟು ತುಂಬದ ಇವರಿಬ್ಬರದು ಬಾಲನ್ಯಾಯ ಮಂಡಳಿಗೆ. ಅಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಸದಸ್ಯರಾಗಿ ಕುಳಿತಿರುತ್ತಾರೆ. ಅವರಲ್ಲೊಬ್ಬರು ಮಹಿಳೆ ಇರಲೇಬೇಕು. ಆ ಅಮ್ಮ ನನ್ನ ಮಗನನ್ನು ‘ರಾತ್ರಿ ಊಟ ಮಾಡಿದೆಯಾ?’ ಎಂದು ಕೇಳಿದ್ದನ್ನು ನಾನು ಮರೆತಿಲ್ಲ. ಐದು ತಿಂಗಳಲ್ಲಿ ವಿಚಾರಣೆ ಮುಗಿಯಿತು. ಬುದ್ಧಿ ಹೇಳಿ, ಎಚ್ಚರಿಕೆ ಕೊಟ್ಟು, ಕೆಲವು ದಿನ ಸಮುದಾಯ ಸೇವೆ ಮಾಡಬೇಕೆಂದು ಆದೇಶಿಸಿದರು. ಮಗ ಒಂದು ಸರ್ಕಾರಿ ಶಾಲೆಯ ಕೈತೋಟದಲ್ಲಿ ಪಾತಿ ಮಾಡಿದ, ನೀರು ಹಾಕಿದ. ಕೇಬಲ್ಲಿನ ದುಡ್ಡನ್ನು ನಾವು ತೋಟದವರಿಗೆ ಕೊಟ್ಟೆವು. ಅವರು ಮೊದಲು ಬೇಡವೆಂದರು, ಕೊನೆಗೆ ತೆಗೆದುಕೊಂಡರು. ಆದೇಶದ ಪ್ರತಿಯನ್ನು ನಾನು ಹೊಲದ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ಟ್ರಂಕಿನ ತಳದಲ್ಲಿಟ್ಟೆ. ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

2022ರ ಆಗಸ್ಟ್‌ನಲ್ಲಿ ಹಾಸನದಲ್ಲೇ ಅಗ್ನಿವೀರ ರ‍್ಯಾಲಿ ನಡೆಯಿತು. ಅಗ್ನಿಪಥ ಯೋಜನೆ ಘೋಷಣೆಯಾಗಿ ಎರಡೇ ತಿಂಗಳಾಗಿತ್ತು. ಬೇರೆ ಬೇರೆ ಜಿಲ್ಲೆಗಳ ಹುಡುಗರು ಬ್ಯಾಗು ತಲೆಗಿಟ್ಟುಕೊಂಡು ಫುಟ್‌ಪಾತಿನಲ್ಲಿ ಮಲಗಿದ್ದರು. ಮಗ ಅವರನ್ನು ನೋಡಿಕೊಂಡು ಬಂದವನು ಮಾರನೆಯ ದಿನ ಬೆಳಿಗ್ಗೆ ಐದು ಗಂಟೆಗೆ ಎದ್ದು ಓಡಲು ಹೋದ. ಮೂರು ದಿನಕ್ಕೆ ಬಿಡುತ್ತಾನೆ ಎಂದು ಅವರಪ್ಪ ಅಂದರು. ಮೂರು ವರ್ಷ ಬಿಡಲಿಲ್ಲ.

ಈ ನಡುವೆ ನಗರದ ಒಂದು ತರಬೇತಿ ಕೇಂದ್ರಕ್ಕೆ ಸೇರಿದ. ಹೆಸರು ಬೇಡ. ಅವರ ಓಟದ ತರಬೇತಿಯಲ್ಲಿ ನನಗೆ ಒಂದು ಕೊರತೆಯೂ ಕಾಣಲಿಲ್ಲ. 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ 60 ಅಂಕ, ಹತ್ತು ಪುಲ್‌ಅಪ್‌ಗೆ 40 ಅಂಕ. ಆರೂಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತಿದ್ದ ಹುಡುಗನನ್ನು ಐದು ನಿಮಿಷ ಇಪ್ಪತ್ತು ಸೆಕೆಂಡಿಗೆ ತಂದು ನಿಲ್ಲಿಸಿದರು. ಆನ್‌ಲೈನ್ ಪರೀಕ್ಷೆಗೂ ಚೆನ್ನಾಗಿ ಓದಿಸಿದರು. ಆ ಸಲ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಿತ್ತು. ಇವನಿಗೆ ಅದು ದೊಡ್ಡ ಬಲವಾಯಿತು. ಆದರೆ ಈ ಹಾಳೆಯ ವಿಷಯವನ್ನು ಮಗ ಹೇಳಿಕೊಂಡಾಗ ಅಲ್ಲಿನ ಒಬ್ಬರು ಕೊಟ್ಟ ಉತ್ತರ ಇದು: ‘ಬರೆಯಬೇಡ, ಬಾಯಿ ಬಿಡಬೇಡ. ಹಳೆಯ ಕಡತ ಯಾರು ತೆಗೆಯುತ್ತಾರೆ? ಪರಿಶೀಲನೆಗೆ ಬಂದರೆ ನಮಗೆ ಗೊತ್ತಿರುವವರಿದ್ದಾರೆ, ಎಂಟು ಸಾವಿರ ಆಗುತ್ತದೆ.’

ಎಂಟು ಸಾವಿರವೆಂದರೆ ನನಗೆ ನೂರಕ್ಕಿಂತ ಹೆಚ್ಚು ರವಿಕೆ. ಅದಕ್ಕಿಂತ ನನಗೆ ಕೋಪ ಬಂದದ್ದು ಬೇರೆ ಕಾರಣಕ್ಕೆ. ಕದ್ದದ್ದಕ್ಕೆ ಮೂರು ವರ್ಷದಿಂದ ತಲೆ ತಗ್ಗಿಸಿಕೊಂಡು ಓಡಿದ ಹುಡುಗನಿಗೆ, ಸೇನೆಯ ಬಾಗಿಲಿನಲ್ಲಿ ಮೊದಲ ಹೆಜ್ಜೆಯನ್ನೇ ಸುಳ್ಳಿನ ಮೇಲೆ ಇಡು ಎಂದು ಹೇಳಿಕೊಟ್ಟರಲ್ಲ! ಅದೇ ಕೇಂದ್ರದ ಇನ್ನೊಬ್ಬರು ‘ಕೇಸು ಇದ್ದವನಿಗೆ ಸೇನೆ ಇಲ್ಲ, ಬೇರೆ ದಾರಿ ನೋಡಿಕೋ’ ಎಂದಿದ್ದರಂತೆ. ಒಂದೇ ಸೂರಿನಡಿ ಇಬ್ಬರು ಎರಡು ಮಾತು ಹೇಳಿದ್ದರು, ಎರಡೂ ತಪ್ಪು.

ನನ್ನ ಬಳಿ ಒಂದು ಕರಪತ್ರವಿತ್ತು. ಅಂಗನವಾಡಿಯಲ್ಲಿ ಎಂದೋ ನಡೆದ ಕಾನೂನು ಅರಿವು ಕಾರ್ಯಕ್ರಮದಲ್ಲಿ ಕೊಟ್ಟದ್ದು, ಅಳತೆ ಬರೆದುಕೊಳ್ಳುವ ಪುಸ್ತಕದ ನಡುವೆ ಉಳಿದುಕೊಂಡಿತ್ತು. ಅದರಲ್ಲಿ ಉಚಿತ ಕಾನೂನು ನೆರವಿನ 15100 ಎಂಬ ಸಂಖ್ಯೆ. ಕರೆ ಮಾಡಿದೆ. ಜಿಲ್ಲಾ ನ್ಯಾಯಾಲಯದ ಆವರಣಕ್ಕೆ ಹೋಗಿ, ಆದೇಶದ ಪ್ರತಿಯನ್ನೂ ಮಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ತೆಗೆದುಕೊಂಡು ಹೋಗಿ ಎಂದರು. ದುಡ್ಡೆಷ್ಟು ಎಂದು ಎರಡು ಸಲ ಕೇಳಿದೆ. ಇಲ್ಲ ಎಂದು ಎರಡು ಸಲವೂ ಹೇಳಿದರು.

ಸೋಮವಾರ ಅಂಗಡಿ ಮುಚ್ಚಿ ಮಗನ ಜೊತೆ ಹೋದೆ. ಕಾಗದಗಳು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಅಲ್ಲಿದ್ದ ವಕೀಲೆಗೆ ನಲವತ್ತರ ಆಸುಪಾಸಿನ ವಯಸ್ಸು. ‘ಕುಳಿತುಕೊಳ್ಳಿ ಅಮ್ಮ’ ಎಂದು ನನಗೆ ಹೇಳಿ, ಮಗನನ್ನು ತಮ್ಮ ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡರು. ಪ್ರಶ್ನೆ ಕೇಳಿದ್ದು ಅವನನ್ನು, ನನ್ನನ್ನಲ್ಲ. ಅವನು ನಡುನಡುವೆ ನನ್ನ ಮುಖ ನೋಡಿದಾಗ ‘ನೀನೇ ಹೇಳಪ್ಪಾ, ಸೇನೆಗೆ ಹೋಗುವವನು ನೀನು’ ಎಂದರು. ಅದು ನನಗೆ ಬಹಳ ಹಿಡಿಸಿತು.

ಆಮೇಲೆ ಅವರು ಮಾಡಿದ್ದನ್ನು ನಾನು ಹತ್ತಿರದಿಂದ ನೋಡಿದೆ. ಪೆನ್ಸಿಲು ತೆಗೆದುಕೊಂಡು, ಕೇಂದ್ರದವರು ಕೊಟ್ಟಿದ್ದ ನಮೂನೆಯ ಆ ಒಂದು ಸಾಲನ್ನು ಪದ ಪದವಾಗಿ ಬಿಡಿಸಿದರು. ‘ಶಿಕ್ಷೆ’ ಎಂಬ ಪದದ ಕೆಳಗೆ ಒಂದು ಗೆರೆ, ‘ಬಾಕಿ’ ಎಂಬುದರ ಕೆಳಗೆ ಇನ್ನೊಂದು, ‘ಪ್ರಕರಣ’ ಎಂಬುದರ ಸುತ್ತ ಒಂದು ಸೊನ್ನೆ. ಪ್ರತಿ ಪದದ ಮೇಲೂ ಪೆನ್ಸಿಲಿನ ತುದಿ ನಿಲ್ಲಿಸಿ ‘ಇದು ಬೇರೆ ಪ್ರಶ್ನೆ, ಇದು ಬೇರೆ ಪ್ರಶ್ನೆ’ ಎಂದು ಹೇಳುತ್ತ ಹೋದರು. ನಿನ್ನ ವಿರುದ್ಧ ಈಗ ಏನಾದರೂ ಬಾಕಿ ಇದೆಯೇ ಎಂಬುದು ಒಂದು. ನಿನಗೆ ಶಿಕ್ಷೆಯಾಗಿದೆಯೇ ಎಂಬುದು ಇನ್ನೊಂದು. ಎಂದಾದರೂ ಪ್ರಕರಣ ದಾಖಲಾಗಿತ್ತೇ, ಬಂಧನವಾಗಿತ್ತೇ ಎಂಬುದು ಮೂರನೆಯದು. ಮೂರಕ್ಕೂ ಒಂದೇ ಉತ್ತರವಿಲ್ಲ. ನಾವು ಮೂರನ್ನೂ ಒಂದೇ ಉಂಡೆ ಮಾಡಿಕೊಂಡು ಹೆದರಿದ್ದೆವು.

ಬಳಿಕ ಅಂಕಪಟ್ಟಿಯಲ್ಲಿದ್ದ ಹುಟ್ಟಿದ ದಿನವನ್ನೂ ಘಟನೆಯ ದಿನವನ್ನೂ ಒಂದರ ಕೆಳಗೊಂದು ಬರೆದು ಕಳೆದರು. ಹದಿನೈದು ವರ್ಷ, ಕೆಲವು ತಿಂಗಳು. ಆ ಲೆಕ್ಕ ಯಾಕೆ ಮುಖ್ಯ ಎಂದು ಕೇಳಿದ್ದಕ್ಕೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮನ್ನು ತೆರೆದು ತೋರಿಸಿದರು. ಈ ಕಾಯ್ದೆಯಡಿ ವಿಚಾರಣೆ ಎದುರಿಸಿದ ಮಗುವಿಗೆ, ಶಿಕ್ಷೆಯಾದವರಿಗೆ ತಗಲುವ ಅನರ್ಹತೆ ಯಾವುದೂ ತಗಲುವುದಿಲ್ಲ ಎಂದು ಅಲ್ಲಿದೆ. ಹದಿನಾರು ತುಂಬಿದ ಮೇಲೆ ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದು ಕಂಡುಬಂದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ನಮ್ಮದು ಕಳ್ಳತನ. ಆಗಿನ ಕಾನೂನಿನಲ್ಲಿ ಅದಕ್ಕೆ ಗರಿಷ್ಠ ಮೂರು ವರ್ಷ. ಆದ್ದರಿಂದ ಕಾಯ್ದೆಯ ಲೆಕ್ಕದಲ್ಲಿ ಅದು ಸಣ್ಣ ಅಪರಾಧಗಳ ಸಾಲಿಗೆ ಬರುತ್ತದೆ. ಮಕ್ಕಳ ಸಣ್ಣ ಅಪರಾಧಗಳಿಗೆ ಎಫ್‌ಐಆರ್ ಹಾಕುವಂತೆಯೇ ಇಲ್ಲ, ಠಾಣೆಯ ದಿನಚರಿಯಲ್ಲಿ ಬರೆದುಕೊಂಡು ಮಂಡಳಿಗೆ ವರದಿ ಕೊಡಬೇಕು ಎನ್ನುತ್ತವೆ 2016ರ ಮಾದರಿ ನಿಯಮಗಳು. ಹಾಗಾದರೆ ನಮ್ಮದರಲ್ಲಿ ಎಫ್‌ಐಆರ್ ಹೇಗೆ ಬಂತು? ಜೊತೆಯಲ್ಲಿ ವಯಸ್ಕನೊಬ್ಬ ಇದ್ದುದರಿಂದ. ನಾಲ್ಕು ವರ್ಷ ಯಾರೂ ನಮಗೆ ಇದನ್ನು ಹೇಳಿರಲಿಲ್ಲ.

‘ಹಾಗಾದರೆ ಬರೆಯುವುದೇ ಬೇಡವಲ್ಲ ಮೇಡಂ?’ ಎಂದೆ ನಾನು. ತಾಯಿಯ ಆಸೆ. ಅನರ್ಹತೆ ಇಲ್ಲವೆಂದ ಮೇಲೆ ಬಾಯಿ ಬಿಡುವುದೇಕೆ ಎಂದುಕೊಂಡೆ.

ಅವರು ತಕ್ಷಣ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅದೇ ಕಾಯ್ದೆಯ 74ನೇ ಕಲಮನ್ನು ಓದಿದರು. ಮುಗಿದುಹೋದ ಪ್ರಕರಣದ ವಿಷಯವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಯಾವುದಕ್ಕಾಗಲಿ ಹೊರಗೆ ಹಾಕುವಂತಿಲ್ಲ ಎಂದಿದೆ. ಕಲಮನ್ನು ಮೀರಿದರೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೇಲ್ಮನವಿಯ ಅವಧಿ ಮುಗಿದ ಮೇಲೆ ಆ ದಾಖಲೆಗಳು ನಾಶವಾಗಬೇಕು. ನಿಯಮದಲ್ಲಿ ಏಳು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದಿದೆ. ನಮ್ಮ ಆದೇಶ 2021ರದು. ಕಡತ ಇನ್ನೂ ಕಪಾಟಿನಲ್ಲಿ ಇರಬಹುದು. ಕೇಂದ್ರದವರು ಮಾರಲು ಹೊರಟಿದ್ದ ಎಂಟು ಸಾವಿರದ ‘ಸಹಾಯ’ವನ್ನು ಕಾನೂನೇ ಬಿಟ್ಟಿಯಾಗಿ ಕೊಟ್ಟಿತ್ತು!

ಆಮೇಲೆ ಪುಸ್ತಕ ಬದಲಾಯಿಸಿದರು. 1950ರ ಸೇನಾ ಕಾಯ್ದೆ. ಸೇರುವ ದಿನ ನೇಮಕಾತಿ ಅಧಿಕಾರಿ ನಮೂನೆಯ ಪ್ರಶ್ನೆಗಳನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ. ಸುಳ್ಳು ಹೇಳಿದರೆ ಶಿಕ್ಷೆಯಿದೆ ಎಂದು ಮೊದಲೇ ಎಚ್ಚರಿಸುತ್ತಾರೆ. ಬೇಕೆಂದೇ ಸುಳ್ಳು ಉತ್ತರ ಕೊಟ್ಟದ್ದು ಆಮೇಲೆ ಗೊತ್ತಾದರೆ, 44ನೇ ಕಲಮಿನಡಿ ಸೇನಾ ನ್ಯಾಯಾಲಯ ಐದು ವರ್ಷದವರೆಗೆ ಸೆರೆವಾಸ ಕೊಡಬಹುದು. ಕದ್ದ ಕೇಬಲ್ಲಿಗೆ ಒಂದು ದಿನವೂ ಒಳಗಿರದ ಹುಡುಗ, ಒಂದು ಸುಳ್ಳಿಗೆ ಐದು ವರ್ಷದ ಅಪಾಯ ತಲೆಯ ಮೇಲೆ ಹೊರಬೇಕಾಗುತ್ತಿತ್ತು. ನನಗೆ ಕೈಕಾಲು ತಣ್ಣಗಾಯಿತು. ಆ ಕೇಂದ್ರದವರು ‘ಬರೆಯಬೇಡ’ ಎಂದಾಗ ಈ ಮಾತನ್ನು ಹೇಳಿದ್ದರೇ?

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನೂ ವಿವರಿಸಿದರು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ನೌಕರಿಯ ಪರಿಶೀಲನಾ ನಮೂನೆಯಲ್ಲಿ ಕೊಡುವ ಮಾಹಿತಿ ಸತ್ಯವಾಗಿರಬೇಕು, ಮುಚ್ಚಿಡಬಾರದು ಎಂದಿದೆ. ಜೊತೆಗೆ ಪ್ರಶ್ನೆ ಸ್ಪಷ್ಟವಾಗಿರಬೇಕು, ಸ್ಪಷ್ಟವಾಗಿ ಕೇಳಿದ್ದನ್ನು ಹೇಳಿದರೆ ಸಾಕು ಎಂದೂ, ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪನ್ನು ನೌಕರಿ ಕೊಡುವವರು ಮನ್ನಿಸಬಹುದು ಎಂದೂ ಹೇಳಿದೆ. ಕೇಂದ್ರ ಸರ್ಕಾರದ ಸಶಸ್ತ್ರ ಪಡೆಗೆ ಆಯ್ಕೆಯಾಗಿದ್ದ ರಮೇಶ್ ಬಿಷ್ಣೋಯಿ ಎಂಬುವರ 2019ರ ಪ್ರಕರಣದಲ್ಲಿ, ಬಾಲಕನಾಗಿದ್ದಾಗಿನ ಪ್ರಕರಣ ಜೀವನಪೂರ್ತಿ ಕಳಂಕವಾಗಿ ಉಳಿಯಬಾರದೆಂಬುದೇ ಬಾಲನ್ಯಾಯ ಕಾಯ್ದೆಯ ಉದ್ದೇಶ ಎಂದು ಅದೇ ನ್ಯಾಯಾಲಯ ಅಭ್ಯರ್ಥಿಯ ಪರವಾಗಿ ತೀರ್ಪು ಕೊಟ್ಟಿದೆ.

ಇಷ್ಟು ಹೇಳಿದವರು ಕೊನೆಗೆ ಕಹಿಯನ್ನೂ ಹೇಳಿದರು. ಸತ್ಯ ಹೇಳಿದ ಮಾತ್ರಕ್ಕೆ ತೆಗೆದುಕೊಳ್ಳಲೇಬೇಕು ಎಂಬ ಕಟ್ಟುಪಾಡು ಇಲ್ಲ. ಹಿನ್ನೆಲೆಯನ್ನು ತೂಗಿ ನೋಡುವ ಹಕ್ಕು ಅವರಿಗಿದೆ ಎಂದು 2016ರ ತೀರ್ಪಿನಲ್ಲೇ ಇದೆ. ಹಾಗೆ ತಿರಸ್ಕರಿಸಿದರೆ 24ನೇ ಕಲಮು ಹಿಡಿದು ಪ್ರಶ್ನಿಸಲು ನಿಮಗೆ ಗಟ್ಟಿ ನೆಲ ಇರುತ್ತದೆ, ಸುಳ್ಳು ಹೇಳಿದ ಮೇಲೆ ಕಾಲಿಡಲು ನೆಲವೇ ಇರುವುದಿಲ್ಲ ಎಂದರು. ಈ ಸೇವೆಗೆ ನಾನು ಪೂರ್ಣ ಅಂಕ ಕೊಡುವುದು ಈ ಮಾತಿಗಾಗಿ. ಆಸೆ ಹುಟ್ಟಿಸಿ ಕಳುಹಿಸುವುದು ಸುಲಭ. ಅವರು ಹಾಗೆ ಮಾಡಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನನ್ನ ತಂಗಿಯ ಮಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿ, ‘ದೊಡ್ಡಮ್ಮಾ, ನ್ಯಾಯಾಲಯ ಮುಚ್ಚಿ ಮೊಹರು ಹಾಕಿದ ದಾಖಲೆಯನ್ನೂ ಹೇಳಲೇಬೇಕಂತೆ’ ಎಂದು ನಮ್ಮನ್ನು ಇನ್ನಷ್ಟು ಹೆದರಿಸಿದ್ದ. ಅದು ಅಮೆರಿಕದ ಮಾತು. ಅಲ್ಲಿ ಬಾಲಾಪರಾಧದ ಕಡತಕ್ಕೆ ಮೊಹರು ಬಿದ್ದಿದ್ದರೂ ಸೇನೆಗೆ ಸೇರುವಾಗ ಹೇಳಿಕೊಳ್ಳಬೇಕು; ಎಷ್ಟೋ ಸಂದರ್ಭದಲ್ಲಿ ಸೇನೆಯಿಂದ ವಿನಾಯಿತಿ ಪಡೆದು ಸೇರುತ್ತಾರೆ. ಅವರ ಕಾನೂನು ಅವರಿಗೆ. ನಮ್ಮ ಹುಡುಗರು ಆ ವಿಡಿಯೋಗಳನ್ನು ನೋಡಿ ಇಲ್ಲಿನ ನಮೂನೆ ತುಂಬಬಾರದು.

ವಕೀಲೆ ಮಗನನ್ನೇ ಕೇಳಿದರು: ‘ನಿನಗೆ ಏನನ್ನಿಸುತ್ತದೆ?’

‘ಬರೆಯುತ್ತೇನೆ ಮೇಡಂ. ನಾಳೆ ಬಂದೂಕು ಕೈಗೆ ಕೊಟ್ಟವರು ಹಿಂದೆ ತಿರುಗಿ ಕೇಳಿದರೆ ನಾನು ಅವರ ಕಣ್ಣು ನೋಡಬೇಕಲ್ಲ’ ಎಂದ. ನಮ್ಮ ಮನೆಯಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಅವರು ನೋಡಿಯೂ ನೋಡದಂತೆ ಬರೆಯಲು ಕುಳಿತರು.

ಬರೆದದ್ದು ಆರೇ ಸಾಲು. ನಾನು ಹದಿನೈದನೆಯ ವಯಸ್ಸಿನಲ್ಲಿದ್ದಾಗ ಇಂತಹ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದಿತ್ತು. ಇಂತಹ ದಿನ ಇತ್ಯರ್ಥವಾಗಿದೆ. ಆದೇಶವನ್ನು ಪೂರ್ಣವಾಗಿ ಪಾಲಿಸಿದ್ದೇನೆ. ಈಗ ಯಾವುದೇ ಪ್ರಕರಣ ಬಾಕಿ ಇಲ್ಲ. 24ನೇ ಕಲಮಿನ ಪ್ರಕಾರ ಇದು ಅನರ್ಹತೆಯಲ್ಲ. ಆದೇಶದ ದೃಢೀಕೃತ ಪ್ರತಿಯನ್ನು ಲಗತ್ತಿಸಿದ್ದೇನೆ. ಕ್ಷಮೆ ಕೇಳುವ ಸಾಲೊಂದನ್ನು ಸೇರಿಸಿ ಎಂದು ನಾನು ಅಂದೆ. ‘ಬೇಡ ಅಮ್ಮ, ಕ್ಷಮೆ ಆಗಲೇ ಆಗಿದೆ’ ಎಂದರು. ಒಂದು ಹೊಲಿಗೆಯೂ ಹೆಚ್ಚಿಲ್ಲದ, ಒಂದು ಹೊಲಿಗೆಯೂ ಕಡಿಮೆಯಿಲ್ಲದ ಕೆಲಸ. ಇಪ್ಪತ್ತು ವರ್ಷದಿಂದ ಹೊಲಿಯುತ್ತಿರುವವಳಾಗಿ ಅಂತಹ ಕೆಲಸವನ್ನು ನಾನು ಗುರುತಿಸಬಲ್ಲೆ.

ಒಟ್ಟು ಮೂರು ಸಲ ಹೋದೆವು. ಎರಡನೆಯ ಸಲ ಮಂಡಳಿಯಿಂದ ದೃಢೀಕೃತ ಪ್ರತಿ ಪಡೆಯುವ ಅರ್ಜಿಗೆ. ಅವಧಿ ಮುಗಿದೊಡನೆ ದಾಖಲೆಯನ್ನು ನಾಶಪಡಿಸಬೇಕೆಂಬ ಇನ್ನೊಂದು ಅರ್ಜಿಯನ್ನೂ ಆಗಲೇ ಬರೆದುಕೊಟ್ಟರು. ಮೂರನೆಯ ಸಲ ಪ್ರಮಾಣಪತ್ರವನ್ನು ಕೊನೆಯ ಬಾರಿ ಓದಿಸಲಿಕ್ಕೆ. ನಮ್ಮ ಕೈಯಿಂದ ಹೋದದ್ದು ಛಾಪಾ ಕಾಗದ, ನೋಟರಿ, ಝೆರಾಕ್ಸ್ ಮತ್ತು ಬಸ್ಸಿನ ದುಡ್ಡು ಮಾತ್ರ. ನನಗಂತೂ ಬಸ್ಸಿಗೆ ಟಿಕೆಟಿಲ್ಲ, ಮಗನದು ಮಾತ್ರ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದೆವು. ಅದರಲ್ಲಿ ಹಳೆಯ ಮಾತು ಬರಲಿಲ್ಲ.

ಈ ಸೇವೆಯಲ್ಲಿ ನನಗಿರುವ ಒಂದೇ ಕೊರಗು, ಅದು ಇದೆಯೆಂಬುದು ಬೇಕಾದವರಿಗೆ ಗೊತ್ತಿಲ್ಲದಿರುವುದು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಅಂಗವಿಕಲರಂತಹ ಇನ್ನೂ ಕೆಲವರಿಗೂ ಹಾಗೆಯೇ. ಉಳಿದವರಿಗೆ ಆದಾಯದ ಮಿತಿಯಿದೆ. ಕ್ರೀಡಾಂಗಣದಲ್ಲಿ ಬೆಳಿಗ್ಗೆ ಐದಕ್ಕೆ ಎಷ್ಟೊಂದು ಹುಡುಗರು ಓಡುತ್ತಾರೆ! ಅದರ ಗೋಡೆಯ ಮೇಲೆ ತರಬೇತಿ ಕೇಂದ್ರಗಳ ಚೀಟಿ ಹತ್ತಿರುತ್ತವೆ, ಪ್ರೋಟೀನ್ ಪುಡಿಯ ಚೀಟಿ ಹತ್ತಿರುತ್ತವೆ. 15100 ಎಂಬ ಐದು ಅಂಕಿ ನನಗೆ ಅಲ್ಲಿ ಕಾಣಲಿಲ್ಲ. ಹಬ್ಬದಲ್ಲಿ ಹೊಡೆದಾಡಿದವರು, ಯಾರದೋ ಬೈಕು ಓಡಿಸಿ ಸಿಕ್ಕಿಬಿದ್ದವರು, ಅಗ್ನಿಪಥದ ವಿರುದ್ಧ ಗಲಾಟೆಯಾದಾಗ ಗುಂಪಿನಲ್ಲಿ ನಿಂತು ಹೆಸರು ಬರೆಸಿಕೊಂಡವರು ಅಲ್ಲಿ ಯಾರೂ ಇರಲಾರರೇ? ಆ ಗಲಾಟೆಯ ಸಮಯದಲ್ಲೇ ಸೇನೆಯವರು, ಪ್ರತಿಭಟನೆಯ ದಾಂಧಲೆಯಲ್ಲಿ ಇರಲಿಲ್ಲವೆಂದು ಬರೆದುಕೊಡಬೇಕು, ಪೊಲೀಸ್ ಪರಿಶೀಲನೆ ಆಗಿಯೇ ಆಗುತ್ತದೆ ಎಂದು ಹೇಳಿದ್ದರು. ಅಂದಮೇಲೆ ನನ್ನ ಮಗನಂತೆ ಹಾಳೆ ಮಡಿಸುತ್ತ ಮೆಟ್ಟಿಲ ಮೇಲೆ ಕೂತ ಹುಡುಗರು ಇನ್ನೂ ಇರಬೇಕು.

ಹೋಗುವವರು ಇಷ್ಟನ್ನು ಗಮನದಲ್ಲಿಡಿ. ಮಂಡಳಿಯ ಆದೇಶವನ್ನು ಎಸೆಯಬೇಡಿ. ನಾಚಿಕೆಯಿಂದ ಹರಿದು ಹಾಕಿದವರನ್ನು ನಾನು ಬಲ್ಲೆ. ನಮೂನೆಯನ್ನು ತುಂಬುವ ಮೊದಲು ಹೋಗಿ, ತುಂಬಿದ ಮೇಲಲ್ಲ. ಕೇಂದ್ರದವರ ಝೆರಾಕ್ಸನ್ನು ನಂಬದೆ, ನಿಮ್ಮ ನೇಮಕಾತಿ ಕಚೇರಿಯ ಅಧಿಸೂಚನೆಯಲ್ಲಿರುವ ನಮೂನೆಯನ್ನೇ ಒಯ್ಯಿರಿ. ಹಾಸನದ ಹುಡುಗರಿಗೆ ಬೆಂಗಳೂರಿನ ಕಚೇರಿ, ಪಕ್ಕದ ಚಿಕ್ಕಮಗಳೂರಿನವರಿಗೆ ಮಂಗಳೂರಿನದು. ನಮ್ಮ ಝೆರಾಕ್ಸಿನಲ್ಲಿದ್ದ ಒಂದು ಸಾಲಿನ ಪದಗಳೇ ಬೇರೆಯಾಗಿದ್ದವು. ವಕೀಲೆ ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಗೊತ್ತಾದದ್ದು. ಮಗನ ಜೊತೆ ಹೋಗಿ, ಆದರೆ ಮಾತು ಅವನೇ ಆಡಲಿ.

ರ‍್ಯಾಲಿಯ ಹಿಂದಿನ ರಾತ್ರಿ ಕಾಗದಗಳಿಗೆಂದು ಖಾಕಿ ಡ್ರಿಲ್ ಬಟ್ಟೆಯಲ್ಲಿ ಒಂದು ಚೀಲ ಹೊಲಿದೆ. ಒಳಗೆ ಎರಡು ಅರೆ: ಒಂದರಲ್ಲಿ ಅಂಕಪಟ್ಟಿ, ಜಾತಿ, ನಿವಾಸಿ, ನಡತೆ ಪ್ರಮಾಣಪತ್ರಗಳು, ಇನ್ನೊಂದರಲ್ಲಿ ನೋಟರಿಯ ಎದುರು ಸಹಿ ಹಾಕಿದ ಪ್ರಮಾಣಪತ್ರ, ಅದರ ಹಿಂದೆ ಆ ಆರು ಸಾಲು, ಅದರ ಹಿಂದೆ ಆದೇಶ. ಓಟ ಮುಗಿಸಿ, ಅಳತೆ ಮುಗಿಸಿ, ದಾಖಲೆ ನೋಡುವ ಮೇಜಿನಿಂದ ಆಚೆ ಬಂದ ಮೇಲೆ ಮಗ ಯಾರದೋ ಮೊಬೈಲಿನಿಂದ ಕರೆ ಮಾಡಿದ. ಓಟ ಐದು ನಿಮಿಷ ಹದಿನೆಂಟು ಸೆಕೆಂಡು ಎಂದ. ನಾನು ಅದನ್ನು ಕೇಳಲಿಲ್ಲ. ‘ಕಾಗದ?’ ಎಂದೆ.

ಮೇಜಿನ ಆಚೆ ಇದ್ದವರು ಆರು ಸಾಲನ್ನೂ ಓದಿದರಂತೆ. ಆದೇಶವನ್ನು ತಿರುವಿ ಮೊಹರು ನೋಡಿದರಂತೆ. ಇದು ನಿನ್ನದೇನಾ ಎಂದು ಕೇಳಿದರಂತೆ. ಹೌದು ಸರ್ ಎಂದು ಇವನು ಹೇಳಿದ. ಪ್ರತಿಯನ್ನು ಅವನ ಕಡತಕ್ಕೆ ಸೇರಿಸಿ, ದಾರ ಕಟ್ಟಿ, ವೈದ್ಯಕೀಯ ಪರೀಕ್ಷೆಯ ಸಾಲು ಎಡಗಡೆ ಇದೆ, ಹೋಗಿ ನಿಂತುಕೋ ಎಂದರಂತೆ. ಅಂತಿಮ ಪಟ್ಟಿ ಇನ್ನೂ ಬರಬೇಕು.